ಫೋಟೋ ಇಲ್ಲದ ಸೀರೆ

"ಥೂ! ನಿಮ್ಮನ್ನ ನೋಡಿದ್ರ ಹೇಸಿಗಿ ಬರ್ತೈತಿ!"

ಭಾಗ್ಯಶ್ರೀ ಎಸೆದ ಹಳೆಯ ಸೀರೆ ಅಶ್ವತ್ಥನ ಎದೆಗೆ ಬಡಿಯಿತು. ಯಲಹಂಕದ ಆ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಸೀರೆಯ ಅಂಚಿನಲ್ಲಿ ಸಾರಿನ ಕಲೆ. ಮಡಿಕೆಯಿಂದ ಸತ್ತ ಜಿರಳೆಯೊಂದು ಬೆಂಚಿನ ಮೇಲೆ ಉದುರಿತು...

"ಭಾಗ್ಯ, ಏನಾಯ್ತು?" ಅಶ್ವತ್ಥ ಎದ್ದು ನಿಂತ.

"ಬಾಗಲಗುಂಟಿಯಾಗ ನಮ್ಮವ್ವಗ ಇದನ್ನ ಕೊಟ್ಟು ಫೋಟೋ ಹೊಡಸ್ಕೊಂಡ್ರಲ್ಲ? ಆಕಿ ಮಾರಿ ಊರಿಗೆಲ್ಲಾ ತೋರ್ಸಿದ್ರಲ್ಲ? ಆಕಿ ಬೇಡಿದ್ಲೇನ್ರಿ?"

ಅವನ ಮುಖ ಬಿಳುಚಿತು. ಬಿಲ್ಡರ್ ಅಪ್ಪನ ಹೆಸರಲ್ಲಿ ಭಾನುವಾರ ಸೀರೆ ಹಂಚಿದ್ದು, ಜಾಲತಾಣದಲ್ಲಿ ಫೋಟೋ ಹಾಕಿದ್ದು ಅವನೇ. ಆಕೆ ಇವಳ ತಾಯಿ ಎಂದು ಗೊತ್ತಿರಲಿಲ್ಲ!

'ಮೂರು ತಿಂಗಳು ಈ ಮನುಷ್ಯಾನ ನಗು ನೋಡಾಕ ಫ್ಯಾಕ್ಟರಿಯಿಂದ ಓಡಿ ಬಂದೆನಲ್ಲ!' ಅವಳಿಗೆ ತನ್ನ ಮೇಲೇ ವಾಕರಿಕೆ ಬಂತು.

ಅಂದು ಪದದ ಅರ್ಥ ಹೇಳುವ ಸರದಿ ಅಶ್ವತ್ಥನದು. ಪಾಠದ ಮೇಡಂ ಅವನ ಹೆಸರು ಕರೆದರು. ಅವನು ಚೀಟಿ ಬಿಚ್ಚಿದ.

"ಕೈಂಡ್... ಅಂದ್ರೆ ದಯೆ ಇರೋರು. ಕಿನ್ ಅನ್ನೋ ಪದಕ್ಕೆ ಇದು ಹತ್ತಿರದ ನೆಂಟ. ಕಿನ್ ಅಂದ್ರೆ ಬಂಧು ಬಳಗ. ನಮ್ಮೋರ ಹತ್ರ ನಡ್ಕೊಳ್ಳೋ ಹಾಗೆ..."

ಅವನು ಚೀಟಿ ಮಡಿಚಿದ.

"ನಮ್ಮತ್ತೆ ಬಂದ್ರೆ ಅಮ್ಮ ಕುಂಕುಮ ಇಟ್ಟು, ಹೊಸ ಸೀರೆ ಕೊಟ್ಟು ಮಡಿಲು ತುಂಬ್ತಾರೆ. ಯಾರೂ ಫೋಟೋ ತೆಗೆಯಲ್ಲ. ನಾನು ಹಂಚಿದ ಸೀರೆ ಗಂಟು ಬಿಚ್ಚಿ ಕೂಡ ನೋಡ್ಲಿಲ್ಲ ಮೇಡಂ..."

ಭಾಗ್ಯಶ್ರೀ ತಿರುಗಿಯೂ ನೋಡದೆ ಹೊರಟುಹೋದಳು.

ಮುಂದಿನ ಭಾನುವಾರ ಅವಳ ಮನೆಯ ಹೊಸ್ತಿಲಾಚೆ ಅಶ್ವತ್ಥ ನಿಂತಿದ್ದ. ಜೊತೆಗೆ ಅವನ ತಾಯಿ ಕೃಷ್ಣಮ್ಮ.

'ಮತ್ತೊಂದು ನಾಟಕ ಏನು?' ಅವಳ ಕಣ್ಣು ಅವನ ಕೈಯಲ್ಲಿ ಮೊಬೈಲ್ ಹುಡುಕಿತು. ಇರಲಿಲ್ಲ.

"ಫೋಟೋ ತೆಗೆದುಹಾಕಿದೀನಿ. ತಪ್ಪಾಯ್ತು ಅಂತಾನೂ ಅಲ್ಲೇ ಬರ್ದಿದೀನಿ. ಅಪ್ಪ ಮಾತು ಬಿಟ್ಟಿದಾರೆ... ಬಿಡ್ಲಿ. ಕ್ಷಮಿಸ್ತೀರಾಮ್ಮಾ?"

ಅವ್ವ ರತ್ನವ್ವ ಅವನನ್ನೇ ನೋಡಿದಳು. "ಒಳಗ ಬಾಪಾ. ರೊಟ್ಟಿ ತಿಂತಿಯೇನು?"

ಕೃಷ್ಣಮ್ಮ ಚಾಪೆಯ ಮೇಲೆ ಕೂತು ರತ್ನವ್ವನಿಗೆ ಕುಂಕುಮವಿಟ್ಟು, ಹೊಸ ಸೀರೆ, ಅಕ್ಕಿ, ಕಾಯಿ ಮಡಿಲಿಗೆ ಹಾಕಿದರು. ರತ್ನವ್ವ ಟ್ರಂಕು ತೆರೆದು ಜೋಪಾನವಾಗಿಟ್ಟಿದ್ದ ರವಿಕೆಯ ಖಣ ತೆಗೆದಳು.

"ಯವ್ವಾ, ನೀವೂ ಉಡಿ ಒಡ್ಡ್ರಿ. ಬರಿಗೈಲೆ ಕಳಸೂದಿಲ್ಲ ನಾವು!"

ಕೃಷ್ಣಮ್ಮ ಸೆರಗೊಡ್ಡಿದರು. ಭಾಗ್ಯಶ್ರೀ ಅಶ್ವತ್ಥನ ಮುಂದೆ ರೊಟ್ಟಿಯ ತಟ್ಟೆ ಇಟ್ಟಳು.

"ಇನ್ನೂ ಹೇಸಿಗೆನಾ, ಭಾಗ್ಯ?" ಅಶ್ವತ್ಥ ಪಿಸುಗುಟ್ಟಿದ.

"ಐತಿ... ಸ್ವಲ್ಪ. ನಾಳೆ ಕ್ಲಾಸಿನ್ಯಾಗ ನನ್ನ ಬಾಜೂ ಕೂಡ್ರಿ. ಹೋಗ್ತೈತಿ."

"ಎಷ್ಟು ದಿನ ಕೂತ್ಕೊಳ್ಳಲಿ?"

"ಅದು ಹೋಗೂ ತನಕ..." ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಹೋದಮ್ಯಾಲೂ."