ಜೋಡಿಲಾಳಿ ಸ್ಟುಡಿಯೋದ ಬೈಗುಳ ಪ್ರಕರಣ

ಪಾಂಡಪ್ಪ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದಾಗ ಆ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು.

ಗದಗಿನ ಟಾಂಗಾಕೂಟದ ಹತ್ತಿರ ಭಜಿ ಅಂಗಡಿಯ ಮೇಲಿನ ಕೋಣೆಯೇ ನನ್ನ ಗೆಳೆಯನ ಆಫೀಸು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ನಿವೃತ್ತನಾದವನು, ಸುಮ್ಮನೆ ಕೂರಲಾರದೆ ‘ಪಾಂಡಪ್ಪ, ಖಾಸಗಿ ಪತ್ತೇದಾರ’ ಎಂದು ಬೋರ್ಡು ಹಾಕಿಕೊಂಡಿದ್ದ. ಈಚೆಗೆ ಇನ್‌ಸ್ಟಾಗ್ರಾಮಿನಲ್ಲೂ ಒಂದು ಪುಟ ತೆರೆದಿದ್ದ. ಅದಕ್ಕಿದ್ದ ಫಾಲೋವರ್ಸ್ ಮೂವರು: ನಾನು, ನನ್ನ ಹೆಂಡತಿ, ಮತ್ತು ಸಾಲ ಬೇಕೇ ಎಂದು ಊರಿಗೆಲ್ಲ ಕೇಳುವ ಯಾವುದೋ ಕಂಪನಿ. ನಾನು ಖಲೀಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರ. ಪಾಂಡಪ್ಪನ ಪ್ರಕರಣಗಳನ್ನು ಬರೆದಿಡುವುದು, ಅವನ ಬಡಾಯಿ ಕೇಳುವುದು, ಕೆಳಗಿನಿಂದ ಬದನೆಕಾಯಿ ಭಜಿ ತರಿಸುವುದು ನನ್ನ ಕೆಲಸ. ಮೂರನೆಯದರ ಆಸೆಗೆ ಮೊದಲೆರಡನ್ನು ಸಹಿಸಿಕೊಂಡಿದ್ದೇನೆ.

"ಮಾಸ್ತರ, ಗದ್ದ ಇನ್ನೊಂಚೂರು ಮ್ಯಾಲೆತ್ತಲೇನು?" ಎಂದು ಅವನು ಆಗಷ್ಟೇ ಕೇಳಿದ್ದ.

"ಎಷ್ಟ ಎತ್ತಿದ್ರೂ ಅದ ಗದ್ದಾನ ಪಾಂಡಪ್ಪ," ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು. ಬಂದವಳು ಬೆಟಗೇರಿಯ ಪ್ರಿಯಾ.

ಅವಳು ಯಾರೆಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಅಜ್ಜನ ಮಗ್ಗದ ಕೋಣೆಯಲ್ಲಿ ಪಕ್ಕದ ಮನೆಯ ಗೆಳತಿ ಕೌಸರಳ ಜೊತೆ ಸೇರಿ ಅವಳು ತೆರೆದ ‘ಜೋಡಿಲಾಳಿ ಫೋಟೋಸ್’ ಆಗ ಊರಿನ ಮಾತಾಗಿತ್ತು. ಪ್ರಿಯಾ ಫೋಟೋ ತೆಗೆಯುತ್ತಿದ್ದಳು. ಅವನ್ನು ತಿದ್ದಿ, ಎರಡು ಲಾಳಿಗಳ ನಡುವೆ ಕ್ಯಾಮರಾದ ಕಣ್ಣಿರುವ ಗುರುತು ಒತ್ತಿ, ರೀಲು ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕುವವಳು ಕೌಸರ. ಡಂಬಳದ ಕೆರೆ ದಂಡೆಯಲ್ಲಿ ಅವರು ನಿಲ್ಲಿಸಿದ ಮದುಮಕ್ಕಳನ್ನು ಹುಬ್ಬಳ್ಳಿಯವರೂ ನೋಡಿ ಹೊಟ್ಟೆ ಉರಿಸಿಕೊಂಡಿದ್ದರು.

"ಕಾಕಾ, ನಮಗ ಯಾರೋ ಬೈಯಾಕತ್ತಾರ್ರೀ," ಎಂದಳು ಪ್ರಿಯಾ. "ಒಂದೊಂದ ಫೋಟೋಕ್ಕೂ ಒಂದೊಂದ ಬೈಗುಳ. ‘ಖರೇ ಮಾತು’ ಅಂತ ಹೆಸರು. ಮುಖ ಇಲ್ಲ, ಫೋಟೋದ ಜಾಗಾದಾಗ ಬರೇ ಒಂದ ಕರೀ ಚುಕ್ಕಿ."

ಪಾಂಡಪ್ಪ ಅವಳ ಫೋನು ತೆಗೆದುಕೊಂಡು ಬೈಗುಳಗಳನ್ನು ಹೋಳಿಗೆ ಮೆದ್ದಂತೆ ಒಂದೊಂದಾಗಿ ಸವಿಯತೊಡಗಿದ. ಶಿಗ್ಲಿಯ ಒಂದು ಹಸುಗೂಸು ಬುಟ್ಟಿಯಲ್ಲಿ ಮಲಗಿ ನಗುತ್ತಿತ್ತು. ಕೆಳಗೆ ನೂರಾರು ಹೊಗಳಿಕೆ, ನಡುವೆ ಒಂದು: ‘ಕೂಸು ಕಾಗಿ ಮರಿ ಹಂಗೈತಿ’. ಬೆಳ್ಳಟ್ಟಿಯ ಸೂರ್ಯಕಾಂತಿ ಹೊಲದ ಚಿತ್ರಕ್ಕೆ: ‘ಹೂವು ಬಾಡ್ಯಾವ ಫೋಟೋ ಡೊಂಕ ಐತಿ ಚಾ ಉಕ್ಕಾಕತ್ತೈತಿ ನೋಡ’.

"ಚಾ ಉಕ್ಕೂದಂದ್ರೇನು ಮಾಸ್ತರ?"

"ಈಗಿನ ಹುಡುಗರ ಹೊಸಾ ಬೈಗುಳ ಇರಬೇಕು," ಎಂದೆ. ಭಾಷೆಯ ವಿಷಯದಲ್ಲಿ ನನಗೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸವಿಲ್ಲ.

"ಇದನ್ನ ನೋಡ್ರಿ," ಎಂದು ಪ್ರಿಯಾ ಡಂಬಳದ ಮದುಮಕ್ಕಳ ಚಿತ್ರ ತೆರೆದಳು. ಬೈಗುಳ ಹೀಗಿತ್ತು: ‘ಜೋಡಿ ಬರೋಬರಿ ಇಲ್ಲ ಹುಡುಗಿ ಕಾಲಾಗ ಚಪ್ಪಲಿನೂ ಇಲ್ಲ’. ಚಿತ್ರದಲ್ಲಿದ್ದದ್ದು ಸೊಂಟದಿಂದ ಮೇಲೆ ಮಾತ್ರ. "ಅವತ್ತ ಖರೇನ ಅಕಿ ಚಪ್ಪಲಿ ಹರದಿತ್ತು. ಅಲ್ಲಿದ್ದವರು ಆ ಇಬ್ಬರು, ನಾನು, ಕೌಸರ ಅಷ್ಟರೀ. ಮದುಮಕ್ಕಳು ತಮಗ ತಾವ ಬೈಕೊಳ್ತಾರೇನು? ಈ ಬೈಗುಳ ಅಳಿಸಿಬಿಡು ಅಂದ್ರ ಕೌಸರ ಒಲ್ಲೆ ಅಂತಾಳ. ಲಕ್ಷ್ಮೇಶ್ವರದ ಸೀರಿ ಅಂಗಡಿ ಸಿದ್ದಲಿಂಗೇಶಣ್ಣಾರು ಅವರ ಪುಟದ ಕೆಲಸೆಲ್ಲಾ ನಮಗ ಕೊಡ್ತೇನಿ ಅಂದಿದ್ರು. ಇದನ್ನೋದಿ, ‘ನಿಮ್ಮವರ ನಿಮಗ ಬೈತಾರಲ್ಲ’ ಅಂದ್ರು. ಆ ಸಿಟ್ಟಿನ್ಯಾಗ ನಾ ಕೌಸರಗ, ನೀನ ಬರ್ಯಾಕತ್ತೀ ಏನು ಅಂತ ಕೇಳಿಬಿಟ್ಟೆ."

"ಅಕಿ ಏನಂದ್ಲು?"

"ಐತವಾರ ಬೋರ್ಡ್ ಇಳಸೂಣು ಅಂದ್ಲರೀ."

ಇಷ್ಟು ಹೇಳಿ ಹುಡುಗಿ ಬಿಕ್ಕಿದಳು. ಅಂಗಡಿ ಹೋದರೆ ಇನ್ನೊಂದು ತೆರೆಯಬಹುದು. ಸಣ್ಣವರಿದ್ದಾಗಿನಿಂದ ಒಂದೇ ತಾಟಿನಲ್ಲಿ ಉಂಡ ಗೆಳತಿಯನ್ನು ಎಲ್ಲಿಂದ ತರುವುದು? ನಾನು ಅವಳ ಕಡೆ ನೀರಿನ ಲೋಟ ಸರಿಸಿದೆ. ಪಾಂಡಪ್ಪ ಮಾತ್ರ ಚಪ್ಪಲಿ ಮೆಟ್ಟಿಕೊಂಡ.

ಮೊದಲು ಹೋದದ್ದು ಮುಳಗುಂದ ನಾಕಾದ ಪ್ರಭುಲಿಂಗನ ಸ್ಟುಡಿಯೋಕ್ಕೆ. ಹಂಸಗಳು ಈಜುವ ಪರದೆ, ಮುಂದೆ ರಟ್ಟಿನ ಮೋಟಾರ್ ಸೈಕಲ್ಲು. ಗದಗಿನ ಅರ್ಧ ಗಂಡಸರು ಅದರ ಮೇಲೆ ಕೂತು ಫೋಟೋ ಹೊಡೆಸಿಕೊಂಡವರೇ. ಜೋಡಿಲಾಳಿ ಬಂದ ಮೇಲೆ ಅದರ ಮೇಲೆ ಧೂಳು ಕೂತಿತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೇ ಎಂದು ನಾನು ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿದೆ.

"ಫೋನ್ ತೋರಸ್ರಿ," ಎಂದ ಪಾಂಡಪ್ಪ. ಪ್ರಭುಲಿಂಗ ಬೆವರಿದ. ತೋರಿಸಿದ ಮೇಲೆ ಬೆವರಿನ ಕಾರಣ ತಿಳಿಯಿತು. ಹುಡುಗಿಯರ ಒಂದೊಂದು ಫೋಟೋಕ್ಕೂ ಕಳ್ಳಹೆಸರಿನಲ್ಲಿ ಲೈಕ್ ಒತ್ತಿ, ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದ.

"ಕಲಿಯಾಕ್ರೀ!" ಎಂದು ಕೈಮುಗಿದ. "ನಾನೂ ಬೆಳ್ಳಟ್ಟಿಗೆ ಹೋಗಿ ಅದ ಹೊಲದಾಗ ಗಿರಾಕಿನ್ನ ನಿಲ್ಲಿಸಿದ್ದೆ. ಹೊಲದಾಂವ ಬಡಿಗಿ ತಗೊಂಡ ಬಂದ. ಗಿರಾಕಿ ಓಡೂದು ಮಾತ್ರ ಭಾಳ ಚಲೋ ಬಂದೈತ್ರಿ ಫೋಟೋದಾಗ. ಯಾರಿಗೂ ಹೇಳಬ್ಯಾಡ್ರಿ!"

ಆ ಫೋಟೋ ನೋಡಿದೆ. ನಿಜಕ್ಕೂ ಚೆನ್ನಾಗಿತ್ತು.

ಅಲ್ಲಿಂದ ಬೆಟಗೇರಿಗೆ ಹೋದೆವು. ಹಿಂದೆ ಮಗ್ಗವಿದ್ದ ಕೋಣೆಯಲ್ಲಿ ಕೌಸರ ಕಂಪ್ಯೂಟರಿನ ಮುಂದೆ ಮುಖ ಬಿಗಿದುಕೊಂಡು ಕೂತಿದ್ದಳು. ಕ್ಯಾಮರಾದ ಸ್ಟ್ಯಾಂಡಿಗೆ ಯಾರೋ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

"ಬೈಗುಳ ಯಾಕ ಅಳಸಲಿಲ್ಲವಾ?" ಎಂದು ಪಾಂಡಪ್ಪ ಮೆಲ್ಲಗೆ ಕೇಳಿದ.

"ಬರೇ ಹೊಗಳಿಕಿ ಇದ್ರ ಮಂದಿ ನಂಬಂಗಿಲ್ಲ ಕಾಕಾ. ಮನಿಯವರ ಬರದಾರ ಅಂತಾರ. ನಡುವ ಒಂದ ಟೀಕಾ ಇದ್ರ ಉಳಿದದ್ದೆಲ್ಲಾ ಖರೆ ಅನಸ್ತೈತಿ. ಬ್ರ್ಯಾಂಡ್ ಕಟ್ಟೂದಂದ್ರ ಹಂಗ." ಅವಳು ಮೌಸನ್ನು ಆಚೆ ತಳ್ಳಿದಳು. "ಯಾರೋ ಬೈದಿದ್ದು ಸಹಿಸ್ಕೋತೇನಿ. ಅಕಿ ನನ್ನ ಮ್ಯಾಲೆ ಸಂಶೆ ಪಟ್ಟಿದ್ದು ಸಹಿಸ್ಕೊಳ್ಳಾಕ ಆಗವಲ್ದು."

ಪಾಂಡಪ್ಪ ಪುಟವನ್ನು ಮೊದಲಿನಿಂದ ನೋಡಿದ. ಮುಂಡರಗಿಯ ಪಾತ್ರೆ ಅಂಗಡಿಯ ಉದ್ಘಾಟನೆಯ ಚಿತ್ರವನ್ನು ಯಾರೂ ಮೆಚ್ಚಿರಲಿಲ್ಲ, ಯಾರೂ ಬೈದಿರಲಿಲ್ಲ. ಪಾಸ್‌ಪೋರ್ಟ್ ಫೋಟೋದ ಜಾಹೀರಾತಿಗೂ ಅದೇ ಗತಿ. "ಹಳೇ ಫೋಟೋಕ್ಕೂ ಮತ್ತ ಬೈತಾರೇನು?" ಎಂದು ಕೇಳಿದ.

"ತಿಂಗಳಿಗೊಮ್ಮೆ ಮೊದಲ ಬೈದದ್ದಕ್ಕೆಲ್ಲಾ ಇನ್ನೊಂದ ಸುತ್ತು ಬೈತಾರ್ರಿ. ಹೋದ ಅಮಾಸಿ ದಿನ ಸ್ಟುಡಿಯೋ ಸೂಟಿ ಇತ್ತು, ಕುಂತ ಎಣಿಸಿದ್ನಿ. ಒಂದೂ ಬಿಟ್ಟಿಲ್ಲ."

ಅಷ್ಟರಲ್ಲಿ ಪ್ರಿಯಾಳ ತಾಯಿ ರತ್ನವ್ವ ಒಳಗಿನಿಂದ ಚಹಾ ತಂದಳು. ಹಿತ್ತಲ ಬಾಗಿಲಿನಿಂದ ಕೌಸರಳ ತಾಯಿ ಶಮಶಾದಬಿ ಒಂದು ಕೈಯಲ್ಲಿ ಚೂಡಾದ ತಾಟು, ಇನ್ನೊಂದರಲ್ಲಿ ಫೋನು ಹಿಡಿದು ಬಂದಳು. ಮಕ್ಕಳು ಮಾತು ಬಿಟ್ಟಿದ್ದರೂ ತಾಯಂದಿರ ಒಲೆ ಒಂದೇ ಇತ್ತು.

"ಚಾ ಅರ್ಧ ಕಪ್ಪ ಆತ್ರಿ ಅಣ್ಣಾರ, ಸಿಟ್ಟಾಗಬ್ಯಾಡ್ರಿ," ಎಂದಳು ರತ್ನವ್ವ. "ಮಾತಾಡಕೋತ ನಿಂತ್ರ ಒಲಿ ಮ್ಯಾಲಿಂದ ಮರತ ಹೋಗತೈತಿ."

ಪಾಂಡಪ್ಪ ಆ ಅರ್ಧ ಕಪ್ಪನ್ನು ಅಮೃತವೆಂಬಂತೆ ಕುಡಿದ. ಹೊರಗೆ ಬಂದ ಮೇಲೆ, "ಮಾಸ್ತರ, ವೈರಿ ಆದಾಂವ ಬಿದ್ದವರನ್ನ ಒದೀತಾನ. ಇಂವ ಗೆದ್ದಾಗಷ್ಟ ಬೈತಾನ. ಅದೂ ಸಲಕ್ಕೊಂದ ಮಾತು, ಎರಡಿಲ್ಲ. ಹೊಟ್ಟಿಕಿಚ್ಚಿಗೆ ಇಷ್ಟ ಶಿಸ್ತು ಎಲ್ಲಿಂದ ಬರಬೇಕು?" ಎಂದ. ನನಗೆ ಏನೂ ಹೊಳೆಯಲಿಲ್ಲ. ಹೊಳೆದಂತೆ ತಲೆ ಆಡಿಸಿದೆ.

ಐತವಾರ ನಾವು ಹೋದಾಗ ಬೋರ್ಡಿಗೆ ಏಣಿ ಹಚ್ಚಿತ್ತು. ಒಳಗೆ ಒಂದು ಮೂಲೆಯಲ್ಲಿ ಪ್ರಿಯಾ, ಇನ್ನೊಂದು ಮೂಲೆಯಲ್ಲಿ ಕೌಸರ. ಪ್ರಭುಲಿಂಗ ತನ್ನ ಗುಟ್ಟು ಹೊರಬೀಳುವ ಭಯದಲ್ಲಿ ಬಾಗಿಲ ಹತ್ತಿರ ನಿಂತಿದ್ದ. ಪಾಂಡಪ್ಪ ಕರೆಸಿದ್ದಕ್ಕೆ ಲಕ್ಷ್ಮೇಶ್ವರದಿಂದ ಸೀರೆ ಅಂಗಡಿಯ ಸಿದ್ದಲಿಂಗೇಶನೂ ಬಂದಿದ್ದ. ತಾಯಂದಿರಿಬ್ಬರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು.

"ಎಲ್ಲಾರೂ ಫೋನ್ ಇಲ್ಲಿ ಇಡ್ರಿ," ಎಂದು ಪಾಂಡಪ್ಪ ಬೆಂಚು ತೋರಿಸಿದ. ಕೌಸರಳ ಫೋನೊಂದನ್ನು ಮಾತ್ರ ಅವಳ ಕೈಯಲ್ಲೇ ಬಿಟ್ಟು, "ನೀವಿಬ್ಬರೂ ಕೂಡಿ ನಿಂತ ಫೋಟೋ ಐತಲ್ಲ, ಅಂಗಡಿ ತೆಗೆದ ದಿನದ್ದು, ಅದನ್ನ ಹಾಕವಾ," ಎಂದ.

ಕೌಸರ ಒಲ್ಲದ ಮನಸ್ಸಿನಿಂದ ಹಾಕಿದಳು. ಬೋರ್ಡಿನ ಕೆಳಗೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಗುತ್ತಿದ್ದ ಚಿತ್ರ. ಹೊಗಳಿಕೆ ಮಳೆಯಂತೆ ಸುರಿಯತೊಡಗಿತು. ಪಾಂಡಪ್ಪ ಅವಳ ಫೋನು ಇಣುಕಿ ನಾಟಕದ ಮೇಷ್ಟ್ರಂತೆ ಓದಿದ: "‘ಭಾಳ ಚಂದ!’ ‘ಗದಗಿನ ಎರಡು ಕಣ್ಣು!’ ‘ಇವರಂಥಾವ್ರು ಯಾರೂ ಇಲ್ಲ!’"

ಹೊಸ್ತಿಲ ಮೇಲೆ ರತ್ನವ್ವ ಮಿಸುಕಿದಳು. ಶಮಶಾದಬಿ ಬೆಂಚಿನ ಮೇಲಿದ್ದ ತನ್ನ ಫೋನಿನ ಕಡೆ ನೋಡಿ, "ಸಕ್ರಿ ತರಬೇಕಿತ್ತು," ಎಂದು ಎದ್ದಳು.

"ಸಕ್ರಿ ಆಮ್ಯಾಲೆ ತರೂಣು ಶಮಶಾದಕ್ಕಾ. ಕೇಳ್ರಿ, ‘ಲಕ್ಷ್ಮೀ ಸರಸ್ವತಿ ಇದ್ದಂಗ ಅದಾರ!’ ‘ಈ ಜೋಡಿ ಹಿಂಗ ಇರಲಿ!’ ‘ಕಣ್ಣ ತೆಗಿಯಾಕ ಮನಸ್ಸಾಗವಲ್ದು!’"

ಆ ಕೊನೆಯ ಮಾತಿಗೆ ಇಬ್ಬರ ತಾಳ್ಮೆಯೂ ಹರಿಯಿತು. ತಾಯಂದಿರು ಒಟ್ಟಿಗೇ ಧಾವಿಸಿದರು. ರತ್ನವ್ವ ಕೌಸರಳ ಮುಖದ ಮೇಲಿಂದ, ಶಮಶಾದಬಿ ಪ್ರಿಯಾಳ ಮುಖದ ಮೇಲಿಂದ ಎರಡೂ ಕೈ ಇಳಿಸಿ, ತಮ್ಮ ತಮ್ಮ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದರು. ಹತ್ತು ಬೆರಳೂ ಸದ್ದು ಮಾಡಿದವು.

"ಖರೇ ಮಾತು ಸಿಕ್ಕತು ನೋಡ್ರಿ," ಎಂದ ಪಾಂಡಪ್ಪ.

"ಅವ್ವಾ! ನೀನಾ?" "ಅಮ್ಮೀ!" ಎಂದು ಹುಡುಗಿಯರು ಒಟ್ಟಿಗೆ ಕೂಗಿದರು.

ಪಾಂಡಪ್ಪ ಕುರ್ಚಿ ಎಳೆದುಕೊಂಡ. ಈ ಗಳಿಗೆಗಾಗಿಯೇ ಅವನು ಬದುಕಿರುವುದು. "ಮೆಚ್ಚಿದ ಫೋಟೋಕ್ಕಷ್ಟ ಬೈಗುಳ. ಯಾರೂ ನೋಡದ ಪಾತ್ರೆ ಅಂಗಡಿಗೆ ಇಲ್ಲ. ಅಂದ್ರ ಬೈಯಾವರಿಗೆ ಸಿಟ್ಟು ಇರಲಿಲ್ಲ, ಅಂಜಿಕಿ ಇತ್ತು. ಚಂದನ್ನ ಕೂಸಿಗೆ ಕಾಗಿ ಮರಿ ಅಂತಾರ, ಆದ್ರ ಲೇಟ್ ಮಾಡ್ತಾರ, ಮೋಸ ಮಾಡ್ತಾರ ಅಂತ ಒಮ್ಮೆರ ಅಂದಾರೇನು? ಧಂದೆ ಕೆಡಸಾಂವ ಅದನ್ನ ಮೊದಲ ಅಂತಿದ್ದ. ಅಮಾಸಿಗೆ ಹಳೇ ಫೋಟೋಕ್ಕೆಲ್ಲಾ ಇನ್ನೊಂದ ಸುತ್ತು. ಅಮಾಸಿ ದಿನ ಮನ್ಯಾಗ ಏನ್ ಇಳಿಸಿ ತಗೀತೇವಿ? ದೃಷ್ಟಿ! ಹೆಸರಿನ ಬಾಜೂಕ ಇದ್ದ ಕರೀ ಚುಕ್ಕಿ ದೃಷ್ಟಿಬೊಟ್ಟು."

"ಚಪ್ಪಲಿ ಸುದ್ದಿ?" ಎಂದು ಸಿದ್ದಲಿಂಗೇಶ ಕೇಳಿದ.

"ಮಕ್ಕಳು ಹೊರಗ ಕಂಡಿದ್ದನ್ನ ಊಟಕ್ಕ ಕುಂತಾಗ ಯಾರಿಗೆ ಹೇಳ್ತಾರ್ರಿ? ಇನ್ನ ‘ಚಾ ಉಕ್ಕಾಕತ್ತೈತಿ ನೋಡ’ ಅನ್ನೂದು. ನಮ್ಮ ಮಾಸ್ತರು ಅದನ್ನ ಹೊಸಾ ಬೈಗುಳ ಅಂದ್ರು." ಎಲ್ಲರೂ ನನ್ನನ್ನು ನೋಡಿದರು. "ಕೈಲೆ ಬರದವರು ಹಂಗ ಬರಿಯಂಗಿಲ್ಲ. ಬಾಯಿಲೆ ಹೇಳಿದ್ದನ್ನ ಫೋನ್ ಬರಕೊಂಡಿತ್ತು. ಒಲಿ ಮುಂದ ನಿಂತು ಒಬ್ಬರು ಹೇಳತಿದ್ರು, ಇನ್ನೊಬ್ಬರು ಬಾಜೂಕ ಇದ್ರು. ಅಡಗಿಮನ್ಯಾಗ ಇಬ್ಬರು ಮಾತಾಡಕೋತ ಚಾ ಉಕ್ಕಿಸಿದ್ದು ನಾ ಅರ್ಧ ಕಪ್ಪಿನ್ಯಾಗ ಕುಡದೇನಿ. ಯಾರ್ಯಾರು ಅನ್ನೂದನ್ನ ಅವರ ಬೆರಳ ಹೇಳಿದ್ವು."

ರತ್ನವ್ವ ಸೆರಗು ಬಿಗಿದು ಮುಂದೆ ಬಂದು ನಿಂತಳು. ನಾಚಿಕೆಯ ಸುಳಿವೂ ಇರಲಿಲ್ಲ. "ಹೌದ್ರಿ, ಬೈದೇವಿ. ಸಾವಿರ ಮಂದಿ ಚಂದ ಚಂದ ಅಂದ್ರ, ಒಬ್ಬರರ ಚಂದಿಲ್ಲ ಅನಬ್ಯಾಡೇನು? ಮೊದಲಾದ್ರ ಮಂದಿ ಮನಿಮಟಾ ಬಂದು ನೋಡತಿದ್ರು, ಬಾಗಲಕ್ಕ ಲಿಂಬಿಹಣ್ಣ ಕಟ್ಟತಿದ್ವಿ. ಫೋನಿಗೆ ಎಲ್ಲಿ ಕಟ್ಟೂದು?"

"ನಜರ್ ತಾಗಿದ್ರ ನೀವ್ ಇಳಸ್ತಿದ್ರೇನು?" ಎಂದು ಶಮಶಾದಬಿ ಪತ್ತೇದಾರನಿಗೇ ಜೋರು ಮಾಡಿದಳು. "ಹಡದವರ ಕಣ್ಣ ಮೊದಲ ತಾಗತೈತಂತ. ಅದಕ್ಕ ಕೌಸರನ ಪಾಲಿಂದು ರತ್ನಕ್ಕ ಬೈತಿದ್ರು, ಪ್ರಿಯಾನ ಪಾಲಿಂದು ನಾ. ನಮ್ಮ ಹುಡುಗಿ ಕೆಲಸಕ್ಕ ಡೊಂಕ ಅನ್ನಾಕ ನನಗರ ಬಾಯಿ ಬರ್ತೈತೇನ್ರಿ?"

"ಹಂಗಂದ್ರ ನನ್ನ ಕೆಲಸಕ್ಕ ಬರ್ತಿತ್ತೇನು ಖಾಲಾ?" ಎಂದು ಪ್ರಿಯಾ ಅಳುತ್ತಲೇ ನಕ್ಕಳು.

"ನಿನಗ ಬೈದ ದಿನ ನನಗ ಊಟ ಸೇರತಿದ್ದಿಲ್ಲ ಯವ್ವಾ."

ಪ್ರಿಯಾ ಕೋಣೆ ದಾಟಿ ಕೌಸರಳ ಎದುರಿಗೆ ಹೋಗಿ ನಿಂತಳು. "ತಪ್ಪಾತು ಕೌಸರ. ನಿನ್ನ ಮ್ಯಾಲೆ ಸಂಶೆ ಪಟ್ಟ ನಾಲಿಗಿ ಕಡಕೋಬೇಕು ಅನಸ್ತೈತಿ."

ಕೌಸರ ಮೂಗು ಒರೆಸಿಕೊಂಡು, "ಮೊದಲ ಆ ಏಣಿ ತಗದಿಡಲೇ," ಎಂದಳು. ನಾನು ಎದ್ದು ಏಣಿ ತೆಗೆಯಲು ಹೋದೆ, ಏಕೆಂದರೆ ಕಣ್ಣು ಒರೆಸಿಕೊಳ್ಳಲು ನನಗೂ ಹೊರಗೆ ಒಂದು ಕೆಲಸ ಬೇಕಿತ್ತು.

ಆ ವಾರವೇ ಜೋಡಿಲಾಳಿಯ ಗುರುತು ಬದಲಾಯಿತು. ಎರಡು ಲಾಳಿಗಳ ಪಕ್ಕ, ಕೆನ್ನೆಯ ಮೇಲಿಟ್ಟಂತೆ, ಒಂದು ಕರಿ ಚುಕ್ಕೆ ಬಂತು. ಅದು ಯಾಕೆಂದು ಕೌಸರ ರೀಲು ಮಾಡಿ ಹೇಳಿದ್ದನ್ನು ಶಿರಹಟ್ಟಿಯ ಬಸ್ಸಿನಲ್ಲಿ ಕೂಡ ಜನ ನೋಡಿ ನಗುತ್ತಿದ್ದರು. ಸಿದ್ದಲಿಂಗೇಶ ತನ್ನ ಸೀರೆಗಳ ಕೆಲಸವನ್ನು ಅವರಿಗೇ ಕೊಟ್ಟ, ತನ್ನ ಅಂಗಡಿಗೂ ತಾಯಂದಿರಿಂದ ಒಂದು ಒಳ್ಳೆಯ ಬೈಗುಳ ಬೇಕೆಂಬ ಷರತ್ತಿನ ಮೇಲೆ. ಪ್ರಭುಲಿಂಗನಿಗೆ ಓಡುವ ಗಿರಾಕಿಯ ಚಿತ್ರವನ್ನು ಪುಟಕ್ಕೆ ಹಾಕುವಂತೆ ಪ್ರಿಯಾ ಹೇಳಿಕೊಟ್ಟಳು. ಬಡಿಗೆ ಹಿಡಿದ ರೈತನಿಗೂ ಈಗ ಅಭಿಮಾನಿಗಳಿದ್ದಾರೆ.

ಪಾಂಡಪ್ಪನಿಗೆ ಹುಡುಗಿಯರು ಕೊಟ್ಟ ಫೀಜು ಒಂದು ರೀಲು. ಭಜಿ ಅಂಗಡಿಯ ಮೆಟ್ಟಿಲನ್ನು ಅವನು ನಿಧಾನಕ್ಕೆ ಇಳಿದು ಬರುತ್ತಾನೆ, ಹಿಂದೆ ಎಣ್ಣೆಯ ಹೊಗೆ, ಗದ್ದ ಆಕಾಶಕ್ಕೆ. ಒಂದೇ ದಿನದಲ್ಲಿ ಊರೆಲ್ಲ ನೋಡಿತು. ಮರುದಿನ ನಾನು ಹೋದಾಗ ಅವನು ಹೊಗಳಿಕೆಗಳನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದ. ನಡುವೆ ಗಕ್ಕನೆ ನಿಂತ. ಮುಖವಿಲ್ಲದ, ಕರಿ ಚುಕ್ಕೆಯ ಯಾರೋ ಹೊಸಬರು ಹೀಗೆ ಬರೆದಿದ್ದರು: ‘ಈ ಮುದುಕನಿಗೆ ಏನೂ ತಿಳಿಯುವುದಿಲ್ಲ. ಎಷ್ಟೇ ಎತ್ತಿದರೂ ಅದೇ ಗದ್ದ.’

ಅವನು ಅದನ್ನು ಎರಡು ಸಲ ಓದಿದ. ಆಮೇಲೆ ನನ್ನನ್ನು ನೋಡಿದ. ನಾನು ತಾಟಿನಲ್ಲಿ ಉಳಿದಿದ್ದ ಒಂದೇ ಒಂದು ಭಜಿಯನ್ನು ನೋಡಿದೆ.

"ಈ ಕೇಸು ನಾ ತಗೋಳಂಗಿಲ್ಲ ಮಾಸ್ತರ," ಎಂದು ಪಾಂಡಪ್ಪ ಆ ಭಜಿಯನ್ನು ನನ್ನ ಕಡೆ ಸರಿಸಿದ.