ಬಿಸಿಲಿಗೆ ಸ್ವಿಚ್ ಇಲ್ಲ

"ಇನ್ನೊಂದು ಹೆಜ್ಜೆ ಮುಂದೆ ಬಂದ್ರೆ ಕತ್ತರಿಸಿಬಿಡ್ತೀನಿ."

ವೈರ್‌ಮನ್ ಇಕ್ಕಳ ಹೇಳಿದ್ದು ಅಷ್ಟೇ.

ನಾನು ನಿಂತೆ.

ಮಟಮಟ ಮಧ್ಯಾಹ್ನ. ಮೂರು ಅಂತಸ್ತಿನ ಮೇಲಿನ ತಾರಸಿ. ಮೊಣಕಾಲೆತ್ತರದ ಮೋಟು ಗೋಡೆ. ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಸೋಲಾರ್ ಪ್ಯಾನೆಲ್‌ಗಳಿಂದ ಇಳಿದು ಬರುವ ಎರಡು ವೈರುಗಳನ್ನೂ ಒಟ್ಟಿಗೆ ಸೇರಿಸಿ ಕಟರ್ ಬಾಯಿಗೆ ಕೊಟ್ಟಿದ್ದ. ಹಿಡಿಯ ರಬ್ಬರ್ ಕಿತ್ತುಹೋಗಿತ್ತು. ಅಂಗೈ ಬೆವರಿಗೆ ಹೊಳೆಯುತ್ತಿತ್ತು.

"ಇಕ್ಕಳ, ಅದನ್ನ ಬಿಡು."

"ಯಾಕೆ? ಕರೆಂಟ್ ಹೊಡೆಯುತ್ತಾ?" ನಕ್ಕ. "ನನಗೆ ಪಾಠ ಹೇಳ್ಬೇಡ. ಕೆಳಗಡೆ ಸ್ವಿಚ್ ಆಫ್ ಮಾಡೇ ಮೇಲೆ ಬಂದಿದೀನಿ."

ಅದೇ ಹೊತ್ತಿಗೆ ನನ್ನ ಕಿವಿಯ ಪಕ್ಕದಲ್ಲಿ ಇನ್ನೊಬ್ಬ ಕೇಳಿದ...

"ಭಾವ, ಆಫ್ ಆಯ್ತಾ?"

ಅವನು ಸತ್ತು ಎರಡು ವರ್ಷ.

ತಡೆಯಿರಿ. ನಿಮ್ಮ ಕಡೆಯೂ ಇಂಥದ್ದೊಂದು ಸಂಘ ಮಾಡಬೇಕು ಅಂತ ನೋಡಲು ಬಂದವರು ನೀವು. ಬಂದವರೇ ಕೇಳಿದ್ದು ಮಾತ್ರ, ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಆ ಹೆಂಗಸು ಯಾರು ಅಂತ. ಅಲ್ಲಿಗೇ ಬರುತ್ತೇನೆ. ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಬೀದಿಯ ಸೋಲಾರ್ ಸಂಘದ ಮೇಸ್ತ್ರಿ ನಾನು. ಒಂಟಿಯಾಗಿ ಪ್ಯಾನೆಲ್ ಕೊಳ್ಳುವ ತಾಕತ್ತು ಇಲ್ಲಿ ಯಾರಿಗೂ ಇಲ್ಲ. ಅದಕ್ಕೇ ನಲವತ್ತು ಮನೆ ಸೇರಿ ಸಗಟಾಗಿ ತಂದೆವು. ಬಿಸಿಲು ಬೀಳುವ ತಾರಸಿ ಒಬ್ಬರದು, ಉರಿಯುವ ದೀಪ ಇನ್ನೊಬ್ಬರದು. ಕಂತು ಕಟ್ಟಲಾಗದವರು ಕೆಲಸದಲ್ಲಿ ಕೈ ಜೋಡಿಸುತ್ತಾರೆ. ಒಬ್ಬ ಏಣಿ ಹಿಡಿಯುತ್ತಾನೆ, ಒಬ್ಬಳು ಗಾಜು ಒರೆಸುತ್ತಾಳೆ. ನಮ್ಮತ್ತೆ ತಮ್ಮ ತಾರಸಿಯನ್ನೇ ಕೊಟ್ಟಿದ್ದಾರೆ. ಸಾಲದ್ದಕ್ಕೆ ಪ್ಯಾನೆಲ್‌ಗೆ ಹೊದಿಸುವ ಸಂಘದ ಕಪ್ಪು ಕಂಬಳಿಗಳನ್ನೆಲ್ಲ ಒಗೆಯುವವರೂ ಅವರೇ.

ಪ್ಯಾನೆಲ್ ಕಳುವಾದರೆ ಹುಡುಕಿ ತರುವವನು ನಾನು. ಯಾರಾದರೂ ಹೆದರಿಸಿದರೆ ಹೋಗಿ ಮಾತಾಡುವವನೂ ನಾನೇ. ಬಾಯಿ ಮಾತಿಗೆ ಬಗ್ಗದವರ ಹತ್ತಿರ ಕೈಯಲ್ಲಿ ಮಾತಾಡಿದ್ದೂ ಉಂಟು.

ಹೆದರಿಸುತ್ತಿದ್ದವನು ಒಬ್ಬನೇ. ಜನರೇಟರ್ ಧಣಿ. ಇಪ್ಪತ್ತು ವರ್ಷ ಮನೆಮನೆಗೆ ವೈರ್ ಎಳೆದು ಬಲ್ಬಿಗಿಷ್ಟು ಅಂತ ಬಾಡಿಗೆ ತಿಂದವನು. ನಾವು ಶುರು ಮಾಡಿದ ಮೇಲೆ ಅವನ ನಾಲ್ಕು ಜನರೇಟರುಗಳಲ್ಲಿ ಮೂರು ಬಾಯಿ ಮುಚ್ಚಿದ್ದವು. ಇಕ್ಕಳ ತಾರಸಿ ಹತ್ತಿದ ದಿನ ಸಂಜೆ ಸಭೆ ಇತ್ತು. ಪಕ್ಕದ ಬೀದಿಯ ನಲವತ್ತು ಮನೆ ಸಂಘ ಸೇರುವುದರಲ್ಲಿದ್ದವು. ಮಧ್ಯಾಹ್ನ ಧಣಿ ನನ್ನನ್ನು ಶೆಡ್ಡಿಗೆ ಕರೆಸಿದ.

"ನನ್ನ ಹೊಟ್ಟೆ ಮೇಲೆ ಹೊಡೀತಿದೀಯ. ಸಭೆ ನಿಲ್ಲಿಸು."

"ಆಗಲ್ಲ."

"ದೀಪಾನೇ ಉರೀದಿದ್ರೆ ಯಾರು ಸೇರ್ತಾರೆ ನಿನ್ನ ಸಂಘಕ್ಕೆ?" ಹಲ್ಲಿಗೆ ಕಡ್ಡಿ ಹಾಕುತ್ತಾ ಕೇಳಿದ. "ನಿಮ್ಮತ್ತೆ ತಾರಸಿ ಮೇಲಿರೋ ಆರು ಪ್ಯಾನೆಲ್ಲಿಂದ ಆರು ಮನೆ ದೀಪ ಅಲ್ವಾ?"

ಮೂಲೆ ನೋಡಿದೆ. ಯಾವಾಗಲೂ ಅಲ್ಲೇ ನಿಂತಿರುತ್ತಿದ್ದ ಅವನ ವೈರ್‌ಮನ್ ಇಲ್ಲ. ಇಕ್ಕಳ. ಹಿಡಿದದ್ದನ್ನು ಬಿಡುವವನಲ್ಲ ಅಂತ ಆ ಹೆಸರು.

ಓಡಿದೆ. ಬಾಗಿಲಲ್ಲಿ ಧಣಿಯ ಕಡೆಯವನೊಬ್ಬ ಅಡ್ಡ ಬಂದ. ಭುಜ ಕೊಟ್ಟೆ. ಡೀಸೆಲ್ ಡಬ್ಬಗಳ ಮೇಲೆ ಮಗುಚಿ ಬಿದ್ದ. ಗಲ್ಲಿ... ತಿರುವು... ಇನ್ನೊಂದು ಗಲ್ಲಿ... ಟೈಲರ್ ಅಂಗಡಿ ಮುಂದಿನ ಸ್ಟೂಲಿಗೆ ಎಡವಿ ಮೊಣಕಾಲು ತರಚಿತು. ಮೂರು ಅಂತಸ್ತಿನ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ.

ಆ ತಾರಸಿಗೆ ನಾನು ಕಾಲಿಟ್ಟು ಎರಡು ವರ್ಷವಾಗಿತ್ತು.

ನನ್ನ ಬಾಮೈದ ಬಿದ್ದು ಸತ್ತದ್ದು ಅಲ್ಲಿಂದಲೇ. ತನ್ನ ತಾಯಿಯ ಮನೆಗೆ ತಾನೇ ಪ್ಯಾನೆಲ್ ಹಾಕುತ್ತಿದ್ದ. ವೈರಿನ ಎರಡು ತುದಿ ಜೋಡಿಸುವ ಮೊದಲು ಮೇಲಿನಿಂದ ಕೂಗಿ ಕೇಳಿದ, "ಭಾವ, ಆಫ್ ಆಯ್ತಾ?" ನಾನು ಕೆಳಗೆ ಸ್ವಿಚ್ ಇಳಿಸಿ, "ಆಯ್ತು ಕಣೋ, ಮುಟ್ಟು" ಅಂದೆ.

ಮುಟ್ಟಿದ. ಆ ಏಟಿಗೆ ಮೋಟು ಗೋಡೆ ದಾಟಿ ಹೋದ.

ಆಫ್ ಮಾಡಿದ್ದು ನಿಜ. ಮತ್ತೆ ಹೇಗೆ ಹೊಡೆಯಿತು ಅಂತ ನನಗೇ ತಿಳಿಯಲಿಲ್ಲ. ಭಯವಾಯಿತು. ಸಂಘದವರು ಕೇಳಿದಾಗ ಹೇಳಿಬಿಟ್ಟೆ, "ನಾನು ಆಫ್ ಮಾಡೋ ಮುಂಚೇನೇ ಕೈ ಹಾಕ್ಬಿಟ್ಟ. ಯಾವಾಗ್ಲೂ ಆತುರ ಅವನಿಗೆ."

ವಾರ ಕಳೆದ ಮೇಲೆ ಪ್ಯಾನೆಲ್ ಜತೆ ಬಂದಿದ್ದ ಪುಸ್ತಕ ಬಿಡಿಸಿ ನೋಡಿದೆ. ಮನೆ ವೈರಿಂಗ್ ಮಾಡಿ ಪಳಗಿದವನು ನಾನು. ಮೇನ್ ಆಫ್ ಆದರೆ ವೈರ್ ಸತ್ತ ಹಾಗೆ, ನಮಗೆಲ್ಲ ಅಷ್ಟೇ ಗೊತ್ತು. ಪ್ಯಾನೆಲ್ ಹಾಗಲ್ಲ. ಬಿಸಿಲು ಬೀಳುವಷ್ಟು ಹೊತ್ತೂ ಅದರಿಂದ ಸ್ವಿಚ್ಚಿನ ತನಕ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಿಸಿಲಿಗೆ ಸ್ವಿಚ್ ಇಲ್ಲ.

ಅಷ್ಟರಲ್ಲಿ ಸಂಘ ನನ್ನ ಮಾತು ನಂಬಿ ಪ್ರತಿ ಸ್ವಿಚ್ ಪೆಟ್ಟಿಗೆಯ ಮೇಲೂ ಹಳದಿ ಚೀಟಿ ಅಂಟಿಸಿಯಾಗಿತ್ತು. "ಮೊದಲು ಆಫ್ ಮಾಡಿ. ಆಮೇಲೆ ಧೈರ್ಯವಾಗಿ ಮುಟ್ಟಿ."

ಅವನ್ನು ನಾನು ಕೀಳಲಿಲ್ಲ. ನನ್ನ ಕೆಲಸದವರಿಗೆ ಮಾತ್ರ, ಪ್ಯಾನೆಲ್ ಮೇಲೆ ಕಪ್ಪು ಕಂಬಳಿ ಹೊದಿಸದೆ ಕೈ ಹಾಕಬೇಡಿ ಎಂದೆ. ಯಾಕೆ ಅಂದರೆ, ಗಾಜು ಕಾದು ಕೈ ಸುಡುತ್ತೆ ಅಂತ ನೆಪ. ನಿಜ ಹೇಳಿದರೆ ಬಾಮೈದನ ಮಾತು ಬರುತ್ತಿತ್ತಲ್ಲ... ನಾಲಿಗೆ ಹೊರಳಲಿಲ್ಲ.

ಈಗ ಇಕ್ಕಳನ ವಿಷಯಕ್ಕೆ ಬನ್ನಿ.

"ಕೇಳಿಲ್ಲಿ," ಎಂದೆ. "ಆಫ್ ಮಾಡಿದ್ರೂ ಅದರಲ್ಲಿ ಕರೆಂಟ್ ಇದೆ."

"ಕಿವಿ ಮೇಲೆ ಹೂ ಇಡ್ಬೇಡ. ನಿಮ್ಮ ಚೀಟೀಲೇ ಬರ್ದಿದೆ. ಓದ್ಕೊಂಡೇ ಬಂದೆ."

"ಚೀಟಿ ತಪ್ಪು."

"ಹೌದೌದು. ವೈರ್ ಉಳಿಸ್ಕೊಳ್ಳೋಕೆ ಈಗ ಚೀಟಿ ತಪ್ಪಾಯ್ತು." ಅವನ ಹಿಡಿ ಬಿಗಿಯಾಯಿತು.

"ಭಾವ, ಆಫ್ ಆಯ್ತಾ?"

ಈ ಸಲ ದನಿ ಇಕ್ಕಳನ ಬೆನ್ನ ಹಿಂದಿನಿಂದ ಬಂತು. ಮೋಟು ಗೋಡೆಯ ಆಚೆಯಿಂದ. ಅಲ್ಲಿ ನಿಲ್ಲಲು ಜಾಗವೇ ಇಲ್ಲ.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ನಾನು ಓಡಿದ್ದು ಕೇಳಿ ಅತ್ತೆ ಹತ್ತಿ ಬರುತ್ತಿದ್ದರು.

ಒಂದು ಕ್ಷಣ ಅನಿಸಿತು... ಸುಮ್ಮನಿದ್ದುಬಿಡು. ಕೆಡಿಸಲು ಬಂದವನು ತಾನೇ, ಅನುಭವಿಸಲಿ. ಯಾರಿಗೂ ಏನೂ ತಿಳಿಯುವುದಿಲ್ಲ. ಆ ಯೋಚನೆಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನನ್ನ ಬಾಮೈದ ಸತ್ತಿದ್ದೂ ಹೀಗೇ," ಎಂದೆ. "ಅವನು ಆತುರ ಮಾಡ್ಲಿಲ್ಲ. ಆಫ್ ಆಯ್ತಾ ಅಂತ ಕೇಳ್ದ. ಆಯ್ತು ಅಂದೋನು ನಾನು. ನನ್ನ ನಂಬಿ ಮುಟ್ದ. ಆಮೇಲೆ ಅವನದೇ ತಪ್ಪು ಅಂತ ಎಲ್ರಿಗೂ ಹೇಳ್ದೋನೂ ನಾನೇ. ಆ ಚೀಟಿ ನನ್ನ ಸುಳ್ಳು, ಇಕ್ಕಳ. ನೀನೂ ಅದನ್ನ ನಂಬಿ ಸಾಯ್ಬೇಡ."

ಚಪ್ಪಲಿ ಸದ್ದು ನಿಂತಿತು.

ಇಕ್ಕಳ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನಿಂತವರ ಮುಖ ನೋಡಿದ. ಅಲ್ಲಿ ಏನು ಕಂಡನೋ, ನಾನು ಹೇಳಿದ್ದು ನಿಜ ಅಂತ ಅವನಿಗೆ ಗೊತ್ತಾಯಿತು. ಆದರೆ ಕೈ ಬಿಡಲಾಗಲಿಲ್ಲ. ಬೆರಳು ಭಯಕ್ಕೆ ಸೆಟೆದುಕೊಂಡಿದ್ದವು; ಕಟರ್ ಆಗಲೇ ವೈರಿನ ಸಿಪ್ಪೆ ಕಚ್ಚಿತ್ತು, ಇನ್ನಷ್ಟು ಅದುಮಿದರೆ ಮುಗಿಯಿತು.

"ಹೇಗ್ ಬಿಡ್ಲಿ?" ಪಿಸುಗುಟ್ಟಿದ.

"ಅಲ್ಲಾಡ್ಬೇಡ. ಹಾಗೇ ಇರು."

ಅತ್ತೆ ಹಗ್ಗದ ಮೇಲೆ ಒಣಗುತ್ತಿದ್ದ ಕಂಬಳಿಯೊಂದನ್ನು ಎಳೆದುಕೊಂಡರು. ಅದನ್ನೇ ನೋಡುತ್ತಾ ಕೇಳಿದರು, "ಈ ಕಂಬಳಿ... ಇದಕ್ಕೇನಾ?"

"ಹೌದು ಅತ್ತೆ."

"ಕೈ ಸುಡುತ್ತೆ ಅಂದಿದ್ರಿ."

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ನಾವಿಬ್ಬರೂ ಆರು ಪ್ಯಾನೆಲ್‌ಗಳಿಗೂ ಕಂಬಳಿ ಹೊದಿಸಿದೆವು, ಒಂದರ ಮೇಲೊಂದು, ಬಿಸಿಲು ನುಸುಳದ ಹಾಗೆ. ಆಮೇಲೆ ಇಕ್ಕಳನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಟರ್ ಕೆಳಗೆ ಬಿತ್ತು. ಅವನು ಅಲ್ಲೇ ಕೂತು ಅತ್ತ.

ಅತ್ತೆ ಅಳಲಿಲ್ಲ.

"ನಿನ್ನ ಮಗನಿಗೆ ಆತುರ ಜಾಸ್ತಿ ಅಂತ ಬೀದಿಯೋರೆಲ್ಲ ನನ್ನ ಮುಂದೇನೇ ಅಂದ್ರು," ಎಂದರು. "ನಾನೂ ಹೂಂ ಅಂದೆ. ಎರಡು ವರ್ಷ ನನ್ನ ಮಗನ ಮೇಲೇ ಹೂಂ ಅಂದೆ." ಆಮೇಲೆ, ನನ್ನ ಮದುವೆಯಾದಾಗಿನಿಂದ ನನ್ನ ಜತೆ ಬಹುವಚನ ಬಿಟ್ಟು ಮಾತಾಡದವರು, ಹೇಳಿದರು, "ಇನ್ಮೇಲೆ ನೀನು ಏಣಿ ಹತ್ತೋವಾಗೆಲ್ಲ ಕೆಳಗೆ ನಾನಿರ್ತೀನಿ."

ಸಂಜೆ ಸಭೆಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಅತ್ತೆ ಮುಂದಿನ ಸಾಲಲ್ಲೇ ಕೂತಿದ್ದರು. ಪಕ್ಕದ ಬೀದಿಯ ನಲವತ್ತರಲ್ಲಿ ಒಂಬತ್ತು ಮನೆಯವರು ಎದ್ದು ಹೋದರು. ಹೋಗಿದ್ದು ಸರಿಯೇ. ಹಳದಿ ಚೀಟಿಗಳನ್ನು ನಾನೇ ಉಗುರಿನಿಂದ ಕೆರೆದು ಕಿತ್ತೆ. ಇಕ್ಕಳ ಧಣಿಯ ಶೆಡ್ಡಿಗೆ ಮತ್ತೆ ಹೋಗಲಿಲ್ಲ. ಅಗೋ, ಎದುರು ತಾರಸಿಯಲ್ಲಿ ಕಂಬಳಿ ಹೊದಿಸುತ್ತಿದ್ದಾನಲ್ಲ, ಅವನೇ.

ಏಣಿಯ ಬುಡದಲ್ಲಿ ಕೂತಿರುವವರು ನಮ್ಮತ್ತೆ. ನಾನು ವೈರ್ ಮುಟ್ಟುವ ಮೊದಲು ಪ್ರತಿ ಸಲ ಕೂಗುತ್ತಾರೆ.

"ಆಫ್ ಆಯ್ತಾ?"

"ಆಯ್ತು."

"ಕಂಬಳಿ?"

"ಹೊದಿಸಿದೆ."

"ಹಾಗಾದ್ರೆ ಮುಟ್ಟು."

ಬಾಮೈದನ ದನಿ ನಿಂತಿತಾ ಅಂತ ಕೇಳುತ್ತೀರಿ. ಇಲ್ಲ. ತಾಯಿ ಕೇಳಿದ ಮರುಕ್ಷಣ ಅವನೂ ಕೇಳುತ್ತಾನೆ. ಈಗ ಇಬ್ಬರಿಗೂ ಒಂದೇ ಉತ್ತರ.

ಸತ್ತವನಿಗೆ ಉತ್ತರ ಕೊಡದೆ ಎರಡು ವರ್ಷ ತಳ್ಳಿದೆ. ಅತ್ತೆಯ ಹತ್ತಿರ ಆ ಆಟ ನಡೆಯುವುದಿಲ್ಲ... ಏಣಿಯನ್ನೇ ತೆಗೆದುಬಿಡುತ್ತಾರೆ.