ಫ್ರಿಜ್ಜಿನ ಹಿಂದಿನ ಬಿಳಿ ಪೈಪು

“ಐಸಿನ ಟ್ರೇದಾಗ ಒಂದ ಹನಿ ನೀರೂ ಬಿದ್ದಿಲ್ರಿ,” ಎಂದ ಮೆಕ್ಯಾನಿಕ್ ತೌಸೀಫ, ಫ್ರಿಜ್ಜಿನೊಳಗಿಂದ ತಲೆ ಹೊರತೆಗೆದು.

ಕಾವ್ಯಾ ಬಾಗಿಲ ಬಳಿ ಕುಳಿತಳು, ಎದ್ದಳು, ಮತ್ತೆ ಕುಳಿತಳು. ತಾನಾಗಿಯೇ ಐಸ್ ಮಾಡುತ್ತಿದ್ದ ಹೊಸ ಫ್ರಿಜ್ಜು ಆ ಕೆಲಸ ನಿಲ್ಲಿಸಿ ಎರಡು ದಿನಗಳಾಗಿದ್ದವು.

“ಎಲ್ಲಾ ನಮ್ಮ ಮುತ್ತೂನ ಕೆಲಸರಿ,” ಎಂದಳು ಅವ್ವ. “ತಾಸಿಗೊಮ್ಮೆ ಬಾಗಿಲಾ ತೆಗೀತಾನ, ಐಸ್ ಕಡೀತಾನ. ಅದಕ್ಕ ಇವತ್ತ ಅವನ್ನ ಸಾರವಾಡಕ್ಕ ಕಳಸೂದಿಲ್ಲ.”

ಸಂಜೆ ಸೋದರಮಾವ ಅವರನ್ನು ಸಾರವಾಡದ ತನ್ನ ಮನೆಗೆ ಕರೆದೊಯ್ಯಲು ಟ್ರ್ಯಾಕ್ಟರ್ ತರುವವನಿದ್ದ. ಅದನ್ನೇರಲು ಅಕ್ಕ-ತಮ್ಮ ವಾರದಿಂದ ಕಾದಿದ್ದರು. ಈಗ ಮುತ್ತು ಹೊರಗೆ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡಿದ್ದ.

ಆದರೆ ತಪ್ಪು ತನ್ನದೆಂದೇ ಕಾವ್ಯಾ ನಂಬಿದ್ದಳು. ಶುಕ್ರವಾರ ಅವಳ ಶಟಲ್ ಫ್ರಿಜ್ಜಿನ ಹಿಂದೆ ಬಿದ್ದಿತ್ತು. ಮೈಬಲವನ್ನೆಲ್ಲ ಹಾಕಿ ಫ್ರಿಜ್ಜನ್ನು ಎಳೆದು, ಶಟಲ್ ಎತ್ತಿಕೊಂಡು, ಮತ್ತೆ ಗೋಡೆಗೆ ದೂಡುವಾಗ ಹಿಂದಿನ ಬಿಳಿ ನೀರಿನ ಪೈಪು ಅಮುಕಿಹೋದಂತಾಗಿತ್ತು.

ತೌಸೀಫ ಆ ಪೈಪಿನ ತುದಿ ಬಿಚ್ಚಿದ. “ಇಲ್ಲೀತನಕ ನೀರ ಬರಾಕತ್ತಿಲ್ಲ. ಫ್ರಿಜ್ ಛಲೋ ಐತಿ.” ಫಿಲ್ಟರ್ ತೆಗೆದು ನೋಡಿದ. ಅದೂ ಸ್ವಚ್ಛವಾಗಿತ್ತು. “ಹಂಗಾರ ಪೈಪ ಎಲ್ಲ್ಯರ ಮಡಚಿರಬೇಕು.”

ಅವನ ಬೆರಳುಗಳು ಪೈಪಿನುದ್ದಕ್ಕೂ ಸರಿದು, ಒಂದು ಕಡೆ ನಿಂತವು. ಕಾವ್ಯಾ ಎದ್ದು ಹತ್ತಿರ ಬಂದಳು.

“ಇಲ್ಲಿ ಸ್ವಲ್ಪ ಬಾಗೈತಿ. ನೀರ ತಡಿಯೂವಷ್ಟಲ್ಲ,” ಎನ್ನುತ್ತ ಅವನು ಸಿಂಕಿನ ಕೆಳಗೆ ಬಗ್ಗಿದ. “ಇಲ್ಲಿ ನೋಡ್ರಿ. ಪೈಪಿಗೆ ನೀರ ಬಿಡೂ ವಾಲ್ ಬಂದ್ ಐತಿ.”

“ಅದನ್ನ ನಾನ ಬಂದ್ ಮಾಡೇನಿ,” ಎಂದಳು ಸೊಪ್ಪು ಸೋಸುತ್ತಿದ್ದ ಕಾಳವ್ವಾಯಿ. ಮಕ್ಕಳ ಅಪ್ಪನ ತಾಯಿಯಾದ ಅವಳು ಶುಕ್ರವಾರವಷ್ಟೇ ಮಮದಾಪುರದಿಂದ ಬಂದಿದ್ದಳು. “ನಳಾ ಬರೂದು ಇನ್ನೂ ನಾಕ ದಿನಕ್ಕಂತ. ಟಾಕಿ ನೀರ ಉಳೀಲಿ ಅಂತ ಕೈಗೆ ಸಿಕ್ಕ ವಾಲ್ ಎಲ್ಲಾ ತಿರುವಿನಿ.”

“ಅತ್ತೀ, ಫ್ರಿಜ್ಜಿಗೂ ಉಪಾಸ ಕೆಡವೀರಲ್ಲ,” ಎಂದು ಅವ್ವ ನಕ್ಕಳು. “ಕಾವ್ಯಾ, ಮುತ್ತೂಗ ಅಂಗಿ ಹಾಕ್ಕೋ ಅಂತ ಹೇಳ ಹೋಗು.”

ಕಾವ್ಯಾ ಹಗುರವಾಗಿ ಓಡಿದಳು.

“ಏಳೋ. ವಾಲ್ ಬಂದ್ ಮಾಡಿದ್ದು ಆಯಿ ಅಂತ. ನೀನೂ ಬರಬೇಕಂತ.”

ಮುತ್ತು ತಿರುಗಿದ. “ಹಂಗಾರ ನಿನ್ನ ಪೈಪ ಮುರಿದಿಲ್ಲೇನು?”

“ನನ್ನ ಪೈಪ?”

“ನೀ ಫ್ರಿಜ್ ದೂಡೂದು ನಾ ನೋಡೇನಿ.”

ಕಾವ್ಯಾ ಕೇಳಿದಳು, “ಮತ್ತ ಅವ್ವಗ ಯಾಕ ಹೇಳಲಿಲ್ಲ?”

“ಹೇಳಿದ್ರ ನಿನ್ನೂ ಕಳಸ್ತಿದ್ದಿಲ್ಲ. ಟ್ರ್ಯಾಕ್ಟರ್ ಖಾಲಿ ಹೋಗ್ತಿತ್ತು.”

ಒಳಗೆ ಅವ್ವ ಇನ್ನೂ ನಗುತ್ತಿದ್ದಳು. ಇನ್ನು ಯಾರೂ ಏನನ್ನೂ ಕೇಳುವವರಿರಲಿಲ್ಲ. ಕಾವ್ಯಾ ತಮ್ಮನ ಪಕ್ಕದಲ್ಲಿ ಕುಳಿತು, ಅವನ ಮುಖವನ್ನೇ ನೋಡಿದಳು.

ಓಣಿಯ ಮೂಲೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಮುತ್ತು ಜಿಗಿದೆದ್ದ. ಕಾವ್ಯಾ ಅವನ ಕೈ ಹಿಡಿದಳು.

“ಒಂದ ನಿಮಿಷ ನಿಂದರು. ಮೊದಲ ಒಳಗ ಹೋಗೂಣು. ಫ್ರಿಜ್ ದೂಡಿದ್ದನ್ನ ಅವ್ವಗ ನಾನ ಹೇಳೂದೈತಿ.”